ಸರದಿಯಲ್ಲಿ ನಿಲ್ಲದವರ ನೀರು

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಬಂಧುಗಳೇ,

ಚಿಕ್ಕಮಗಳೂರು ನಗರಕ್ಕೆ ಕುಡಿಯುವ ನೀರು ಬರುವುದು ಹಿರೇಕೊಳಲೆ ಕೆರೆಯಿಂದ ಮತ್ತು ಬೇಲೂರಿನ ಹತ್ತಿರದ ಯಗಚಿ ಜಲಾಶಯದಿಂದ. ಬೇಸಿಗೆ ಬಲಿತ ಮೇಲೆ ಆ ನೀರು ದಿನ ಬಿಟ್ಟು ದಿನವೋ, ಕೆಲವು ಬೀದಿಗಳಿಗೆ ಇನ್ನೂ ತಡವಾಗಿಯೋ ಬರುತ್ತದೆ. ಇದು ಊರಿಗೆಲ್ಲ ಗೊತ್ತಿರುವ ಸಂಗತಿ ಎಂದು ತೋರಬಹುದು. ಆದರೆ ನಮ್ಮಲ್ಲಿ ಅನೇಕರಿಗೆ ಅದು ಗೊತ್ತೇ ಆಗುವುದಿಲ್ಲ. ಅಂಗಳದಡಿಯಲ್ಲಿ ಸಂಪು, ತಾರಸಿಯ ಮೇಲೆ ಸಿಂಟೆಕ್ಸ್, ಎರಡರ ನಡುವೆ ಅರ್ಧ ಎಚ್‌ಪಿ ಮೋಟಾರು ಇರುವ ಮನೆಯಲ್ಲಿ ನಲ್ಲಿ ತಿರುಗಿಸಿದಾಗಲೆಲ್ಲ ನೀರು ಬರುತ್ತದೆ. ನೀರುಗಂಟಿ ವಾಲ್ವು ತಿರುಗಿಸಿದ್ದು ನಸುಕಿನಲ್ಲೋ ನಡುಮಧ್ಯಾಹ್ನವೋ ಎಂಬುದನ್ನು ಆ ಮನೆಯವರು ವಿಚಾರಿಸಬೇಕಾಗಿಲ್ಲ.

ಅದೇ ಬೀದಿಯ ಕೊನೆಯಲ್ಲಿ ಎರಡು ಬಿಂದಿಗೆ, ಒಂದು ಡ್ರಮ್ಮು ಮಾತ್ರ ಇರುವ ಮನೆಗೆ ಆ ಹೊತ್ತೇ ಸರ್ವಸ್ವ. ನೀರು ಹತ್ತು ಗಂಟೆಗೆ ಬರುವುದಾದರೆ ಆ ಮನೆಯ ಹೆಂಗಸು ಅಂದು ಕೂಲಿಗೆ ಹೋಗುವಂತಿಲ್ಲ, ಇಲ್ಲವೇ ಮಗಳನ್ನು ಶಾಲೆ ಬಿಡಿಸಿ ಬಿಂದಿಗೆಯ ಮುಂದೆ ನಿಲ್ಲಿಸಬೇಕು. ನೀರಿಗೆ ಆಕೆ ತೆರುವ ನಿಜವಾದ ಬೆಲೆ ನಗರಸಭೆಯ ರಸೀದಿಯಲ್ಲಿ ಎಲ್ಲಿಯೂ ನಮೂದಾಗುವುದಿಲ್ಲ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕೊಳಾಯಿಯ ಕೊಳವೆಗೇ ನೇರವಾಗಿ ಮೋಟಾರು ಜೋಡಿಸಿ ನೀರನ್ನು ಎಳೆದುಕೊಳ್ಳುವ ಪದ್ಧತಿ ನಮ್ಮ ಎಲ್ಲ ಊರುಗಳಲ್ಲಿಯೂ ಇದೆ. ಅದು ನಿಯಮಬಾಹಿರವೆಂದು ಗೊತ್ತಿದ್ದೂ ಮಾಡುವವರು ಸಾಮಾನ್ಯವಾಗಿ ಓದಿದವರು, ತಗ್ಗಿನಲ್ಲಿ ಮನೆ ಕಟ್ಟಿಕೊಂಡವರು, ಸಂಪು ಇದ್ದವರು. ಮುಂದಿನ ಮನೆಯಲ್ಲಿ ಮೋಟಾರು ಸದ್ದು ಮಾಡುತ್ತಿರುವಷ್ಟು ಹೊತ್ತು ಕೊನೆಯ ಮನೆಯ ನಲ್ಲಿಯಿಂದ ಬರುವುದು ಗಾಳಿ ಮಾತ್ರ.

ಈ ಸಂಜೆ ನಾನು ಹೇಳಬೇಕೆಂದಿರುವುದು ಇಷ್ಟೇ: ನಾವು ಹಣ ಕೊಟ್ಟು ಪಡೆದಿರುವ ಸೌಕರ್ಯಗಳಲ್ಲಿ ಹೆಚ್ಚಿನವು ಕಾಯಬೇಕಾದ ಕಷ್ಟದಿಂದ ನಮ್ಮನ್ನು ಬಿಡಿಸಿವೆ, ಮತ್ತು ಹಾಗೆ ಬಿಡಿಸುವಾಗ ಆ ಕಷ್ಟವನ್ನು ಸರದಿಯಲ್ಲಿ ನಮ್ಮ ಹಿಂದೆ ನಿಂತವರ ಮೇಲೆ ಹೊರಿಸಿವೆ. ನೀರು, ಬೆಳಕು, ಶೌಚಾಲಯಗಳು ಸಾಲದೆ ಇರುವಲ್ಲಿ ಯಾರ ಅಗತ್ಯ ಮೊದಲು, ಯಾರ ಅನುಕೂಲ ಆಮೇಲೆ ಎಂಬ ಕ್ರಮ ತಲೆಕೆಳಗಾಗಿದೆ. ಆದ್ದರಿಂದ ಇದನ್ನು ಅನುಕಂಪದ ವಿಷಯವಾಗಿ ನಾನು ನೋಡುತ್ತಿಲ್ಲ.

ಕ್ರಮ ತಲೆಕೆಳಗಾಗಿರುವುದು ಸರ್ಕಾರಿ ಲೆಕ್ಕದಲ್ಲಿಯೇ ಕಾಣುತ್ತದೆ. 2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆ ಶುದ್ಧ ನೀರು ಮತ್ತು ನೈರ್ಮಲ್ಯವನ್ನು ಮಾನವ ಹಕ್ಕೆಂದು ಒಪ್ಪಿಕೊಂಡಿತು. 2019ರ ಆಗಸ್ಟ್ 15ರಂದು ಜಲಜೀವನ್ ಮಿಷನ್ ಘೋಷಣೆಯಾದಾಗ ದೇಶದ ಗ್ರಾಮೀಣ ಮನೆಗಳಲ್ಲಿ ನಲ್ಲಿ ಇದ್ದದ್ದು ಸುಮಾರು ಶೇಕಡ 17ಕ್ಕೆ. ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಎಂಬ ಹೆಸರಿನಲ್ಲಿ ಬಂದ ಈ ಯೋಜನೆ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಎಂದು ನಿಗದಿಪಡಿಸಿದೆ. ಒಳಚರಂಡಿ ಇರುವ ನಗರದ ಒಬ್ಬರಿಗೆ ಮಾನದಂಡ 135 ಲೀಟರ್. ಹಳೆಯ ಮಾದರಿಯ ಫ್ಲಶ್ ತೊಟ್ಟಿ ಒಮ್ಮೆ ಒತ್ತಿದರೆ ಸುಮಾರು ಹತ್ತು ಲೀಟರ್ ಸುರಿಯುತ್ತದೆ. ಅಂದರೆ ಹಳ್ಳಿಯವನೊಬ್ಬ ಕುಡಿದು, ಉಂಡು, ಮಿಂದು, ಬಟ್ಟೆ ಒಗೆಯಲು ಸಾಕೆಂದು ಸರ್ಕಾರ ಲೆಕ್ಕ ಹಾಕಿರುವ ನೀರನ್ನು ಪಟ್ಟಣದ ಶೌಚಾಲಯ ಐದಾರು ಸಲಕ್ಕೆ ಮುಗಿಸುತ್ತದೆ. ಆ 55 ಲೀಟರ್ ಕೂಡ ಕೊಳವೆಬಾವಿ ಬತ್ತದಿದ್ದರೆ ಎಂಬ ಷರತ್ತಿನ ಮೇಲೆ.

ನಮ್ಮ ಜಿಲ್ಲೆಯೊಳಗೇ ಇರುವ ಒಂದು ವಿಪರ್ಯಾಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಶೃಂಗೇರಿ, ಕೊಪ್ಪ, ಮೂಡಿಗೆರೆಯ ಕಡೆ ಬಾವಿಯ ನೀರು ಮೆದು. ಅದರಲ್ಲಿ ಕರಗಿದ ಲವಣ ತೀರಾ ಕಡಿಮೆ. ಕಾಯಿಸಿ ಸೋಸಿದರೆ ಮುಗಿಯಿತು. ಆದರೂ ಇತ್ತೀಚೆಗೆ ಅಲ್ಲಿನ ಅಡುಗೆಮನೆಗಳ ಗೋಡೆಯ ಮೇಲೆ ನೀರಿನ ಲವಣ ತೆಗೆಯುವ ಆರ್‌ಒ ಯಂತ್ರ ನೇತಾಡುತ್ತಿರುತ್ತದೆ. ಮನೆಬಳಕೆಯ ಆರ್‌ಒ ಒಂದು ಲೀಟರ್ ಶುದ್ಧ ನೀರಿಗೆ ಸಾಧಾರಣವಾಗಿ ಮೂರು ಲೀಟರ್‌ನಷ್ಟು ನೀರನ್ನು ಹೊರಗೆ ಬಿಡುತ್ತದೆ. ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಲವಣವಿರುವಲ್ಲಿ ಈ ಯಂತ್ರವನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿಯೇ ಹೇಳಿತು. ಮಾರಾಟಗಾರರೂ ಕೇಳಲಿಲ್ಲ, ಕೊಳ್ಳುವವರೂ ಕೇಳಲಿಲ್ಲ. ಇನ್ನು ಘಟ್ಟದ ಮಗ್ಗುಲಿಂದ ಬಯಲಿಗೆ ಇಳಿದು ಕಡೂರಿಗೆ, ಅಲ್ಲಿಂದ ಜಿಲ್ಲೆಯ ಗಡಿ ದಾಟಿ ಅರಸೀಕೆರೆಗೆ ಬನ್ನಿ. ಶೃಂಗೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಮಳೆ ಕಡೂರಿನಲ್ಲಿ ಏಳುನೂರನ್ನು ಮುಟ್ಟುವುದೂ ಕಷ್ಟ. ನೂರಾರು ಅಡಿ ಆಳದಿಂದ ಬರುವ ಅಲ್ಲಿನ ನೀರು ಗಡಸು, ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಹಲ್ಲು ಕಂದುಗಟ್ಟಿಸುವ, ವರ್ಷಗಟ್ಟಲೆ ಕುಡಿದರೆ ಮೂಳೆಯನ್ನೇ ಹಿಡಿಯುವ ಆ ನೀರಿಗೆ ಆರ್‌ಒ ನಿಜಕ್ಕೂ ಬೇಕು. ಅಲ್ಲಿಯ ಬಡವರಿಗೆ ಅದು ಸಿಗುವುದು ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ: ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್‌ನ ಒಂದು ಕ್ಯಾನು. ಘಟಕ ಕೆಟ್ಟರೆ ಪಕ್ಕದ ಊರಿಗೆ ಸೈಕಲ್ಲು, ಬೈಕು. ಸಾವಿರ ಲೀಟರಿನ ಲೆಕ್ಕಕ್ಕೆ ತಂದರೆ ಅದು 250 ರೂಪಾಯಿ. ಪಟ್ಟಣದ ಕೊಳಾಯಿ ನೀರಿನ ದರ ಅದರ ಹತ್ತಿರಕ್ಕೂ ಬರುವುದಿಲ್ಲ. ಯಂತ್ರ ಬೇಡದ ಕಡೆ ಮನೆಗೊಂದು, ಬೇಕಾದ ಕಡೆ ಊರಿಗೊಂದು.

ವಿದ್ಯುತ್ತಿನ ಕಥೆಯೂ ಹೀಗೆಯೇ. ಎರಡು ಕಿಲೋವ್ಯಾಟ್‌ನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಅದೇ ಒಂದು ಯೂನಿಟ್‌ನಲ್ಲಿ ಒಂಬತ್ತು ವ್ಯಾಟ್‌ನ ಎಲ್‌ಇಡಿ ಬಲ್ಬು ನೂರು ಗಂಟೆಗೂ ಹೆಚ್ಚು ಬೆಳಗುತ್ತದೆ. ಸಂಜೆ ನಾಲ್ಕು ಗಂಟೆ ಓದುವ ಹುಡುಗಿಗೆ ಅದು ಇಪ್ಪತ್ತೈದು ದಿನದ ಬೆಳಕು. ಕುದುರೆಮುಖದ ಸೆರಗಿನಲ್ಲಿ, ಕಾಡಿನ ನಡುವೆ ಚದುರಿದ ಒಂಟಿಮನೆಗಳಿಗೆ ಕಂಬದ ಕರೆಂಟು ಬಾರದ ಕಾರಣ ಅಲ್ಲಿನ ಜನ ಮನೆ ಹಿಂದಿನ ಹಳ್ಳಕ್ಕೆ ಪೈಪು ಹಾಕಿ ಒಂದು ಕಿಲೋವ್ಯಾಟ್‌ನ ಪಿಕೋ ಹೈಡ್ರೋ ಎಂಬ ಪುಟ್ಟ ಜಲವಿದ್ಯುತ್ ಟರ್ಬೈನ್ ತಿರುಗಿಸಿಕೊಂಡರು. ಜಾಣ್ಮೆಯ ಕೆಲಸ ಅದು, ನನಗೆ ಅದರ ಬಗ್ಗೆ ಅಪಾರ ಗೌರವವಿದೆ. ಆದರೆ ಇಡೀ ಮನೆಯ ಆ ವಿದ್ಯುತ್ ಕೇಂದ್ರ ನಮ್ಮ ಬಚ್ಚಲಿನ ಗೀಸರಿನ ಅರ್ಧ ಹೊರೆಯನ್ನೂ ಮೀರದು, ಹಳ್ಳ ಬತ್ತಿದಾಗ ಅದೂ ಇಲ್ಲ. ಅಂತಹ ಕಡೆಗಳಿಂದ ಮಳೆಗಾಲದಲ್ಲಿ ರೋಗಿಯನ್ನು ಜೋಲಿಯಲ್ಲಿ ಹೊತ್ತು ತಂದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನಾವು ಮರುಗುತ್ತೇವೆ, ಪುಟ ತಿರುಗಿಸುತ್ತೇವೆ.

2023ರಲ್ಲಿ ಆರಂಭವಾದ ಗೃಹಜ್ಯೋತಿಯನ್ನು ನಾನು ವಿರೋಧಿಸುವವನಲ್ಲ. ಅದರಿಂದ ಎಷ್ಟೋ ಮನೆಗಳಿಗೆ ಉಸಿರು ಬಂದಿದೆ. ಆದರೆ ಆರಂಭದಲ್ಲಿ ಅದು ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿ, 200 ಯೂನಿಟ್‌ನ ಮಿತಿಯೊಳಗೆ, ಉಚಿತ ಪ್ರಮಾಣವನ್ನು ಗೊತ್ತುಪಡಿಸಿತು. ಗೀಸರ್, ಫ್ರಿಜ್, ವಾಷಿಂಗ್ ಮಷೀನ್ ಇಟ್ಟುಕೊಂಡು 150 ಯೂನಿಟ್ ಬಳಸುತ್ತಿದ್ದ ಮನೆಗೆ 165 ಉಚಿತ, ಎರಡು ಬಲ್ಬು ಒಂದು ಫ್ಯಾನಿನ 30 ಯೂನಿಟ್ ಮನೆಗೆ 33. ಮೊದಲೇ ಉಂಡವನಿಗೆ ದೊಡ್ಡ ಎಲೆ ಹಾಸಿದ ಹಾಗೆ ಇದು.

ಇನ್ನು ಕಾಫಿ ತೋಟಕ್ಕೆ ಬರೋಣ. ಈ ಭಾಗ ಕೆಲವರಿಗೆ ಹಿಡಿಸದಿರಬಹುದು. ಸಭೆಯಲ್ಲಿ ಬೆಳೆಗಾರರೂ ಇದ್ದೀರಿ, ಹೋಂಸ್ಟೇ ನಡೆಸುವವರೂ ಇದ್ದೀರಿ. ಸ್ವಲ್ಪ ಮೊದಲು ನಮಗೆಲ್ಲ ಕೊಟ್ಟ ಕಾಫಿಯೂ ಬಹುಶಃ ನಿಮ್ಮ ತೋಟದ್ದೇ. ತೋಟದ ಮಾಲೀಕರು ಕಾರ್ಮಿಕರಿಗೆ ಕುಡಿಯುವ ನೀರು, ಶೌಚಾಲಯ, ವಾಸದ ಮನೆ ಒದಗಿಸಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ವಿಧಿಸಿತ್ತು, 2020ರ ಕಾರ್ಮಿಕ ಸಂಹಿತೆಯೂ ಆ ಹೊಣೆಯನ್ನು ಕೈಬಿಟ್ಟಿಲ್ಲ. ಆದರೆ ಐದು ಹೆಕ್ಟೇರಿಗಿಂತ ಕಡಿಮೆ ಇರುವ ತೋಟ ಹಳೆಯ ಕಾಯ್ದೆಯ ವ್ಯಾಪ್ತಿಗೇ ಬರುತ್ತಿರಲಿಲ್ಲ, ನಮ್ಮ ಬೆಳೆಗಾರರಲ್ಲಿ ಬಹುಪಾಲು ಸಣ್ಣವರು. ಬೆಲೆ ಕುಸಿದ ವರ್ಷಗಳಲ್ಲಿ ಅವರು ಪಟ್ಟ ಪಾಡನ್ನು ನಾನು ಮರೆತಿಲ್ಲ. ಆಗ ಕಾರ್ಮಿಕರ ಲೈನ್ ಮನೆಗೆ ಹೆಂಚು ಬದಲಿಸಲು ಕೈಯಲ್ಲಿ ಕಾಸಿರಲಿಲ್ಲ ಎಂದರೆ ಒಪ್ಪುತ್ತೇನೆ. ಆದರೆ ಅದೇ ತೋಟದ ಎತ್ತರದ ಜಾಗದಲ್ಲಿ ಈಜುಕೊಳ, ಬಾತ್‌ಟಬ್, ದಿನವಿಡೀ ಬಿಸಿನೀರು ಇರುವ ಹೋಂಸ್ಟೇ ಎದ್ದ ಮೇಲೆ ಆ ಮಾತನ್ನು ಒಪ್ಪುವುದು ಕಷ್ಟವಾಗುತ್ತದೆ. ಶನಿವಾರ ಬೆಂಗಳೂರಿನಿಂದ ಬಂದವರು ಈಜುಕೊಳದ ಅಂಚಿನಲ್ಲಿ ನಿಂತು ಬೆಟ್ಟದ ಚಿತ್ರ ತೆಗೆಯುತ್ತಾರೆ. ಕೆಳಗಿನ ಲೈನಿನಲ್ಲಿ ಅಸ್ಸಾಮಿನಿಂದ ಬಂದ ಕುಟುಂಬ ಎಂಟು ಮನೆಗೆ ಒಂದಾದ ನಲ್ಲಿಯ ಮುಂದೆ ಕಾಯುತ್ತದೆ. ಎರಡಕ್ಕೂ ನೀರು ಒಂದೇ ಬೋರಿನದು. ಇಲ್ಲಿ ಕೊರತೆಯಿರುವುದು ನೀರಿಗಲ್ಲವೆಂದು ಯಾರಿಗಾದರೂ ಕಾಣುತ್ತದೆ.

"ನಾನು ಒಂದು ಬಕೆಟ್ ಕಡಿಮೆ ಮೀಯುವುದರಿಂದ ಕಡೂರಿಗೆ ನೀರು ಹೋಗುತ್ತದೆಯೇ?" ಎಂದು ಕೇಳುವವರಿದ್ದಾರೆ. ಹೋಗುವುದಿಲ್ಲ. ಒಬ್ಬೊಬ್ಬರ ತ್ಯಾಗದಿಂದ ಈ ಕ್ರಮ ಸರಿಯಾಗುತ್ತದೆಂದು ನಾನು ನಂಬಿಲ್ಲ, ಗೀಸರನ್ನು ಕಿತ್ತು ಬಚ್ಚಲ ಒಲೆಗೆ ಮರಳಿರೆಂದು ಉಪದೇಶಿಸಲೂ ಬಂದಿಲ್ಲ. ಹಂಡೆಗೆ ಸೌದೆ ಹೊತ್ತು ತರುತ್ತಿದ್ದವರು ಯಾರು ಎಂಬುದು ನಮಗೆ ತಿಳಿದೇ ಇದೆ. ಆದರೆ ಒಂದೇ ಬೀದಿಯ, ಒಂದೇ ಬೋರಿನ ಮಟ್ಟಿಗೆ ಆ ಪ್ರಶ್ನೆಗೆ ಉತ್ತರ ಬೇರೆ. ಮುಂದಿನ ಮನೆಯ ಮೋಟಾರು ನಿಂತ ಗಳಿಗೆಯಲ್ಲಿಯೇ ಕೊನೆಯ ಮನೆಯ ನಲ್ಲಿಗೆ ನೀರು ಬರುತ್ತದೆ. ಹೇಮಾವತಿ ನಾಲೆಯ ಕೊನೆಭಾಗದ ರೈತರು ಕೇಳುತ್ತ ಬಂದಿರುವುದೂ ಇದನ್ನೇ: ಮೇಲಿನವರು ತೂಬು ಮುಚ್ಚಿದರೆ ಕೆಳಗೆ ನೀರು ಹರಿಯುತ್ತದೆ, ಮುಚ್ಚಿಸುವವರು ಬೇಕು.

ಹಾಗಾಗಿ ನನ್ನ ಸಲಹೆಗಳು ಸಣ್ಣವು. ನಗರಸಭೆ ನೀರು ಬಿಡುವ ಹೊತ್ತನ್ನು ಮೊದಲೇ ತಿಳಿಸಲಿ, ಮತ್ತು ಅದು ಕೂಲಿಗೆ ಹೋಗುವ ಹೊತ್ತಿನ ಮೊದಲೋ ನಂತರವೋ ಆಗಿರಲಿ. ಸಂಪು ಇರುವವರಿಗೆ ಇದರಿಂದ ನಷ್ಟವೇನೂ ಇಲ್ಲ. ಕೊಳವೆಗೆ ನೇರ ಮೋಟಾರು ಜೋಡಿಸಿದ ಮನೆಗಳಿಗೆ ದಂಡ ಹಾಕುವ ಧೈರ್ಯ ಮಾಡಲಿ. ಹೋಂಸ್ಟೇಗೆ ಒಪ್ಪಿಗೆ ಕೊಡುವ ಮೊದಲು ಆ ಜಮೀನಿನ ಲೈನ್ ಮನೆಗಳಲ್ಲಿ ಎಷ್ಟು ಜನರಿಗೆ ಎಷ್ಟು ನಲ್ಲಿ, ಎಷ್ಟು ಶೌಚಾಲಯ ಇವೆ ಎಂದು ಪಂಚಾಯಿತಿ ಬರೆಸಿಕೊಳ್ಳಲಿ, ಈಜುಕೊಳದ ಅಳತೆಯನ್ನೂ ಅದರ ಪಕ್ಕದ ಸಾಲಿನಲ್ಲಿಯೇ ಬರೆಸಿಕೊಳ್ಳಲಿ. ಈ ಬೇಡಿಕೆಯನ್ನು ಗ್ರಾಮಸಭೆಯಲ್ಲಿ ಎತ್ತಲು ಯಾರ ಅಪ್ಪಣೆಯೂ ಬೇಕಾಗಿಲ್ಲ, ಮತ್ತು ಅದನ್ನು ಮೊದಲು ಎತ್ತುವವರು ಹೋಂಸ್ಟೇ ಮಾಲೀಕರೇ ಆದರೆ ವಿರೋಧಿಸಲು ಯಾರೂ ಉಳಿಯುವುದಿಲ್ಲ.