ಎರಡು ದಿನ ಮೊದಲೇ

ಕೇಳುಗರಿಗೆ ನಮಸ್ಕಾರ. ಮುಟ್ಟಾದ ದಿನ ಮಗಳು ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದಾಗ ಏನು ಮಾಡಬೇಕೆಂದು ತಿಳಿಯದೆ ನಿಲ್ಲುವ ತಾಯಂದಿರಿಗೆ, ಅಜ್ಜಿಯರಿಗೆ ನಾನು ಹೇಳಬೇಕಾಗಿರುವುದು ಒಂದೇ ಮಾತು. ಮದ್ದು ನಿಮ್ಮ ಅಡುಗೆಮನೆಯಲ್ಲಿಯೇ ಇದೆ, ಅದು ಒಣಶುಂಠಿ. ಅದನ್ನು ನೋವು ಬಂದ ಮೇಲಲ್ಲ, ಮುಟ್ಟಿಗೆ ಎರಡು ದಿನ ಮೊದಲೇ ಆರಂಭಿಸಬೇಕು.

ಮುಟ್ಟಿನ ಸಮಯದಲ್ಲಿ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚಾಗಿ, ಗರ್ಭಕೋಶದ ಸ್ನಾಯುಗಳನ್ನು ಹಿಂಡುತ್ತದೆ. ಕಿಬ್ಬೊಟ್ಟೆ, ಸೊಂಟ, ತೊಡೆಗಳಲ್ಲಿ ಕಾಣಿಸುವ ನೋವು ಇದೇ. ಒಣಶುಂಠಿ ಆ ರಾಸಾಯನಿಕ ತಯಾರಾಗುವುದನ್ನೇ ಕುಗ್ಗಿಸುತ್ತದೆ. ತಯಾರಾಗಿ ಮುಗಿದ ಮೇಲೆ ಕುಡಿಸಿದರೆ ಪ್ರಯೋಜನ ಕಡಿಮೆ.

ಬಾಗಲಕೋಟೆ ಜಿಲ್ಲೆಯ ಹಳ್ಳಿಯೊಂದರಿಂದ ಅಜ್ಜಿಯೊಬ್ಬರು ಒಂಬತ್ತನೆಯ ತರಗತಿಯ ಮೊಮ್ಮಗಳನ್ನು ನನ್ನ ಬಳಿ ಕರೆತಂದಿದ್ದರು. ತಿಂಗಳಿಗೆ ಎರಡು ದಿನ ಶಾಲೆ ತಪ್ಪುತ್ತಿತ್ತು. "ಶುಂಠಿ ಕಷಾಯ ಕುಡಿಸೇನ್ರಿ ಬಾಯಾರ, ಏನೂ ಆಗಲಿಲ್ಲ" ಎಂದರು. ಯಾವಾಗ ಕುಡಿಸಿದಿರಿ ಎಂದು ಕೇಳಿದೆ. "ಅಕಿ ಒದ್ದಾಡಾಕ ಹತ್ತಿದ ಮ್ಯಾಲ" ಎಂದರು. ಹುಡುಗಿಯನ್ನು ಕೇಳಿದರೆ, ಉಂಡರೆ ನೋವು ಹೆಚ್ಚಾದೀತೆಂದು ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆಯೇ ಎಂದು ವಿಚಾರಿಸಿದೆ, ಇತ್ತು. ಅದರಲ್ಲಿಯೇ ಮುಟ್ಟಿನ ದಿನಕ್ಕೆ ಗುರುತು ಹಾಕಲು ಹೇಳಿದೆ. ದಿನ ಹಿಂದುಮುಂದಾದರೂ ಸೊಂಟ ಭಾರವಾಗುವುದು ತನಗೆ ಮೊದಲೇ ತಿಳಿಯುತ್ತದೆ ಎಂದು ಹುಡುಗಿಯೇ ಹೇಳಿದಳು. ಅಲ್ಲಿಂದ ಮೊದಲ್ಗೊಂಡು ಮುಟ್ಟಿನ ಮೂರನೆಯ ದಿನದವರೆಗೆ, ಊಟವಾದ ಮೇಲೆ ಕಾಲು ಚಮಚ ಒಣಶುಂಠಿ ಪುಡಿಯನ್ನು ಬೆಲ್ಲದ ಬಿಸಿನೀರಿನಲ್ಲಿ, ದಿನಕ್ಕೆ ಮೂರು ಸಲ. ಮೂರನೆಯ ತಿಂಗಳು ಅಜ್ಜಿ ಒಬ್ಬರೇ ಬಂದರು. ಮೊಮ್ಮಗಳು ಎಲ್ಲಿ ಎಂದೆ. "ಸಾಲಿಗೆ ಹೋಗ್ಯಾಳ್ರಿ, ಇವತ್ತ ಎರಡನೇ ದಿನ" ಎಂದು ಹೇಳುವಾಗ ಅವರ ಮುಖದಲ್ಲಿದ್ದ ಸಂತೋಷ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಇದು ಒಬ್ಬ ಅಜ್ಜಿಯ ಅನುಭವ ಮಾತ್ರವಲ್ಲ. 2012ರಲ್ಲಿ ಪ್ರಕಟವಾದ ಇರಾನಿನ ಅಧ್ಯಯನದಲ್ಲಿ ವಿದ್ಯಾರ್ಥಿನಿಯರಿಗೆ 500 ಮಿಲಿಗ್ರಾಂ ಶುಂಠಿ ಪುಡಿಯನ್ನು ದಿನಕ್ಕೆ ಮೂರು ಸಲ ಕೊಟ್ಟಿದ್ದರು. ಎರಡು ದಿನ ಮೊದಲೇ ಆರಂಭಿಸಿದವರಲ್ಲಿ ನೋವಿನ ತೀವ್ರತೆಯ ಜೊತೆಗೆ ನೋವಿರುವ ಅವಧಿಯೂ ಕಡಿಮೆಯಾಯಿತು. ಎರಡು ದಿನ ಮೊದಲೇ, ಮತ್ತೆ ಹೇಳುತ್ತೇನೆ.

ಇನ್ನು ಊಟದ ಮಾತು, ಸಮಯ ಸ್ವಲ್ಪವೇ ಉಳಿದಿದೆ. ನಮ್ಮ ಸಜ್ಜೆ ರೊಟ್ಟಿ, ಮೆಂತ್ಯೆ ಪಲ್ಯ, ಅಗಸಿ ಚಟ್ನಿ, ಎಳ್ಳು ಬೆಲ್ಲದ ಉಂಡಿ ಇವೆಲ್ಲ ತಿಂಗಳಿಡೀ ತಾಟಿನಲ್ಲಿರಲಿ. ಪಲ್ಯಕ್ಕೆ ಲಿಂಬೆಹುಳಿ ಹಿಂಡಿದರೆ ಅದರಲ್ಲಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಸರಿಯಾಗಿ ಹತ್ತುವುದಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಉಂಡ ಮೇಲೆ ನುಂಗಲು ಹೇಳಿರಿ. ಮುಟ್ಟಾದ ಹುಡುಗಿಯನ್ನು ಹೊರಗೆ ಕೂಡಿಸಿ ತಣ್ಣಗಾದ ರೊಟ್ಟಿ ಕೊಡುವ ಮನೆಗಳು ಇನ್ನೂ ಇವೆ. ದಯವಿಟ್ಟು ಆ ರೂಢಿಯನ್ನು ಬಿಡಿ. ಅವಳಿಗೆ ಬೇಕಾಗಿರುವುದು ಬಿಸಿ ಊಟ, ಕಿಬ್ಬೊಟ್ಟೆಗೆ ಬಿಸಿನೀರಿನ ಶಾಖ. ತಿಂಗಳಿನಿಂದ ತಿಂಗಳಿಗೆ ನೋವು ಏರುತ್ತಿದ್ದರೆ ಅಥವಾ ತಾಸಿಗೊಂದು ಪ್ಯಾಡ್ ತೋಯುತ್ತಿದ್ದರೆ ಕಷಾಯ ಕಾಯಿಸುತ್ತ ಕೂಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಯಾರ ಮಗಳ ದಿನ ಈ ವಾರದಲ್ಲಿದೆಯೋ ಅವರು ಇಂದು ರಾತ್ರಿಯೇ ಒಣಶುಂಠಿ ಕುಟ್ಟಿಡಿ. ನಮಸ್ಕಾರ.