ಮನೆಗೆ ಬಿಸಿನೆಸ್ ಇಂಟರ್ನೆಟ್ ಬೇಕಾ? ಮೊದಲು ಈ ಒಂದು ಪ್ರಶ್ನೆ ಕೇಳಿ

ನಮಸ್ಕಾರ. ನಮ್ಮಕ್ಕ ತುಮಕೂರಿನಲ್ಲಿ ಮನೆಯಿಂದಲೇ ಅಕೌಂಟ್ಸ್ ಕೆಲಸ ಮಾಡುತ್ತಾಳೆ. ಅಂಗಡಿಯವರ ಲೆಕ್ಕ, ಜಿಎಸ್‌ಟಿ, ಇನ್ಕಮ್ ಟ್ಯಾಕ್ಸ್, ಎಲ್ಲಾ. ಹೋದ ಮಳೆಗಾಲದಲ್ಲಿ, ತಿಂಗಳ 18ನೇ ತಾರೀಕು, ಅವಳ ಬೀದಿಯಲ್ಲಿ ಮರದ ಕೊಂಬೆ ಬಿದ್ದು ಫೈಬರ್ ಕಟ್ ಆಯಿತು. 20ಕ್ಕೆ ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ಹಾಕಬೇಕು. ರೂಟರ್ ಮೇಲೆ ಕೆಂಪು ದೀಪ. ಮೂರು ದಿನ ಯಾರೂ ಬರಲಿಲ್ಲ. ಪಾಪ, ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು, ಸಿಗ್ನಲ್ ಸಿಗುವ ಕಿಟಕಿ ಪಕ್ಕ ಕೂತು, ರಾತ್ರಿ ಒಂದು ಗಂಟೆವರೆಗೂ ಕೆಲಸ ಮಾಡಿದಳು.

ಆಮೇಲೆ ಇಂಟರ್ನೆಟ್ ಕಂಪನಿಯಿಂದ ಒಬ್ಬ ಹುಡುಗ ಫೋನ್ ಮಾಡಿದ. "ಮೇಡಂ, ಬಿಸಿನೆಸ್ ಪ್ಲಾನ್ ತಗೊಳ್ಳಿ, ಈ ತೊಂದರೆನೇ ಇರಲ್ಲ" ಅಂದ. ರೇಟು ಹೆಚ್ಚುಕಮ್ಮಿ ಮೂರು ಪಟ್ಟು. ಅಕ್ಕ ನನಗೆ ಫೋನ್ ಮಾಡಿ, "ತಗೊಳ್ಳಲೇನೋ?" ಅಂತ ಕೇಳಿದಳು.

ನಾನು ಹೇಳಿದೆ: ಅಕ್ಕ, ಸ್ಪೀಡ್ ಕೇಳಬೇಡ. ವೈರ್ ಕಟ್ ಆದರೆ ಎಷ್ಟು ಗಂಟೆಯೊಳಗೆ ಬಂದು ಸರಿ ಮಾಡ್ತೀರಾ, ಅದನ್ನ ಬರೆದು ಕೊಡ್ತೀರಾ, ಅಷ್ಟೇ ಕೇಳು.

ಯಾಕೆ ಅಂದರೆ, ಬಿಸಿನೆಸ್ ಕನೆಕ್ಷನ್‌ಗೆ ನಾವು ಜಾಸ್ತಿ ದುಡ್ಡು ಕೊಡುವುದೇ ಆ ಮಾತಿಗೆ. ಅದನ್ನು ಎಸ್‌ಎಲ್‌ಎ ಅನ್ನುತ್ತಾರೆ, ಸೇವೆ ಹೀಗಿರುತ್ತದೆ ಅಂತ ಬರೆದು ಕೊಡುವ ಒಪ್ಪಂದ. 99.5 ಪರ್ಸೆಂಟ್ ಹೊತ್ತು ಲೈನ್ ಇರುತ್ತದೆ ಅಂತ ಬರೆದು ಕೊಟ್ಟರೆ, 30 ದಿನದ ತಿಂಗಳಲ್ಲಿ 3 ಗಂಟೆ 36 ನಿಮಿಷಕ್ಕಿಂತ ಜಾಸ್ತಿ ಲೈನ್ ಹೋಗಬಾರದು ಅಂತ ಲೆಕ್ಕ. ಹೋದರೆ ಏನು ಕೊಡ್ತಾರೆ, ಅದೂ ಕಾಗದದಲ್ಲಿ ಇರಬೇಕು. ಅದಿಲ್ಲದೆ ಪ್ಲಾನ್ ಹೆಸರಿನಲ್ಲಿ ಮಾತ್ರ 'ಬಿಸಿನೆಸ್' ಇದ್ದರೆ ಏನು ಬಂತು? ಅದೇ ಕಂಬ, ಅದೇ ಫೈಬರ್, ಅದೇ ಲೈನ್‌ಮ್ಯಾನ್. ಕೊಂಬೆ ಬೀಳುವಾಗ ಪ್ಲಾನ್ ನೋಡಿ ಬೀಳುವುದಿಲ್ಲ ಅಲ್ವಾ?

ಒಳಗಿನ ವಿಷಯ ಸ್ವಲ್ಪ ಹೇಳುತ್ತೇನೆ. ನಮ್ಮ ಬೀದಿಗಳಿಗೆ ಬರುವ ಫೈಬರ್ ಹೆಚ್ಚಾಗಿ ಜಿಪಾನ್, ಅಂದರೆ ಒಂದೇ ಫೈಬರನ್ನು ತುಂಬಾ ಮನೆಗಳಿಗೆ ಹಂಚುವ ವ್ಯವಸ್ಥೆ. ಕಂಪನಿಯ ಯಂತ್ರದ ಒಂದು ಪೋರ್ಟಿನಿಂದ ಸುಮಾರು 2.5 ಜಿಬಿಪಿಎಸ್ (2,500 ಎಂಬಿಪಿಎಸ್) ಸ್ಪೀಡ್ ಹೊರಡುತ್ತದೆ. ದಾರಿಯಲ್ಲಿ ಸ್ಪ್ಲಿಟರ್ ಹಾಕಿ ಅದನ್ನು 32 ಮನೆಗೋ 64 ಮನೆಗೋ ಹಂಚುತ್ತಾರೆ. ಕಡಿಮೆ ರೇಟಿನ ಬಿಸಿನೆಸ್ ಪ್ಲಾನ್‌ಗಳು ಎಷ್ಟೋ ಸಲ ಇದೇ ಸ್ಪ್ಲಿಟರ್ ಮೇಲೇ ಓಡುತ್ತವೆ. ನಿಮಗೊಬ್ಬರಿಗೇ ಮೀಸಲಾದ ಸ್ಪೀಡ್ ಬೇಕು ಅಂದರೆ ಅದು ಲೀಸ್ಡ್ ಲೈನ್. ಅದರ ದರವೇ ಬೇರೆ, ಮನೆ ಖರ್ಚಿಗೆ ಹೊಂದುವಂಥದ್ದಲ್ಲ. ಡೇಟಾ ಲಿಮಿಟ್ಟಿಗೆ ಹೆದರಬೇಕಾಗಿಲ್ಲ. ಮನೆಯ 'ಅನ್‌ಲಿಮಿಟೆಡ್' ಪ್ಲಾನ್‌ಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೆ 3,300 ಜಿಬಿ ಇರುತ್ತದೆ. ರಿಟರ್ನ್ ಹಾಕುವವರಿಗೆ ಅದು ಧಾರಾಳ.

ಹಾಗಾದರೆ ಬಿಸಿನೆಸ್ ಪ್ಲಾನ್ ಯಾರಿಗೂ ಬೇಡವಾ? ಹಾಗಲ್ಲ. ಮನೆಯಲ್ಲೇ ಸರ್ವರ್ ಇಟ್ಟು ಹೊರಗಿನವರಿಗೆ ಸೇವೆ ಕೊಡುತ್ತಿದ್ದರೆ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ, ನಿಮ್ಮದೇ ಆದ ಇಂಟರ್ನೆಟ್ ವಿಳಾಸ, ಬೇಕು. ಮನೆ ಕನೆಕ್ಷನ್‌ನಲ್ಲಿ ಹೆಚ್ಚಾಗಿ ಒಂದೇ ಐಪಿ ವಿಳಾಸವನ್ನು ತುಂಬಾ ಮನೆಗಳು ಹಂಚಿಕೊಂಡಿರುತ್ತವೆ, ಹೊರಗಿನಿಂದ ನೇರವಾಗಿ ಒಳಗೆ ಬರಲು ಆಗುವುದಿಲ್ಲ. ಆದರೆ ಹೊರಗಿನಿಂದ ಬರೀ ಮನೆಯ ಕಂಪ್ಯೂಟರಿನ ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್) ನೋಡಬೇಕು ಅಂದರೆ ಟೇಲ್‌ಸ್ಕೇಲ್ ಥರದ ವಿಪಿಎನ್, ಅಂದರೆ ನಿಮ್ಮ ಸಾಧನಗಳ ನಡುವಿನ ಖಾಸಗಿ ದಾರಿ, ಸಾಕು. ದಯವಿಟ್ಟು ರಿಮೋಟ್ ಡೆಸ್ಕ್‌ಟಾಪ್ (ದೂರದಿಂದ ಕಂಪ್ಯೂಟರ್ ನಡೆಸುವ) ಪೋರ್ಟನ್ನು ಇಂಟರ್ನೆಟ್‌ಗೆ ತೆರೆದಿಡಬೇಡಿ. ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಒಳಗೆ ಬರುವ ದೊಡ್ಡ ಬಾಗಿಲೇ ಅದು. ಇನ್ನು ಬಿಲ್ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ. ನಿಮ್ಮದು ರಿಜಿಸ್ಟರ್ ಆದ ವ್ಯವಹಾರವಾಗಿ, ಬಿಲ್‌ನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇದ್ದರೆ, ಕೆಲಸಕ್ಕೆ ಬಳಸಿದಷ್ಟಕ್ಕೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟು ಕಳೆಯಬಹುದು. ಅದಕ್ಕೋಸ್ಕರವೇ ಮೂರು ಪಟ್ಟು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಆ ಹುಡುಗ ಬರೆದು ಕೊಡಲಿಲ್ಲ. "ಬೇಗ ಮಾಡಿಸ್ತೀವಿ ಮೇಡಂ" ಅಂದ, ಅಷ್ಟೇ.

ಅದಕ್ಕೆ ಬೇರೆ ಕಂಪನಿಯ ಎರಡನೇ ಕನೆಕ್ಷನ್ ಹಾಕಿಸೋಣ ಅಂತ ಮುಂದಿನ ಭಾನುವಾರ ನಾನು ತುಮಕೂರಿಗೆ ಹೋದೆ. ಅಕ್ಕ, ನಾನು ಇಬ್ಬರೂ ಬೀದಿಯಲ್ಲಿ ತಲೆ ಎತ್ತಿಕೊಂಡು ನಡೆದೆವು. ಯಾವ ಕೇಬಲ್ ಎಲ್ಲಿಂದ ಬರುತ್ತದೆ ಅಂತ ನೋಡಲಿಕ್ಕೆ. ಎರಡನೇ ಕಂಪನಿಯ ಕೇಬಲ್ ತಿರುವಿನವರೆಗೂ ಮೊದಲನೆಯದರ ಜೊತೆಗೇ, ಅದೇ ಮರದ ಕೆಳಗೆ ಬಂದಿತ್ತು. ಅದು ಬೇಡ ಅಂದೆ. ಊರಿನ ಒಬ್ಬ ಚಿಕ್ಕ ಆಪರೇಟರ್‌ದು ಹಿಂದಿನ ಗಲ್ಲಿಯಿಂದ ಬರುತ್ತಿತ್ತು. ಅದನ್ನೇ ಹಾಕಿಸಿದೆವು. ಒಂದು ಹೋದರೆ ಇನ್ನೊಂದಕ್ಕೆ ತಾನೇ ಬದಲಾಗುವ ಡ್ಯುಯಲ್ ವ್ಯಾನ್ ರೂಟರ್ ತಂದೆ. ಕರೆಂಟ್ ಹೋದರೆ ಅಂತ 12 ವೋಲ್ಟಿನ ಚಿಕ್ಕ ಯುಪಿಎಸ್ ಕೂಡ.

ಎರಡನೇ ಕನೆಕ್ಷನ್‌ಗೆ ಅವಳು ತಿಂಗಳಿಗೆ ಕೊಡುವುದು 500 ರೂಪಾಯಿ, ಜಿಎಸ್‌ಟಿ ಸೇರಿ 590.