ಹೂಮಳೆ ತಪ್ಪಿದರೆ ಯಾರ ಜೇಬಿಗೆ ಕತ್ತರಿ?

(ದೃಶ್ಯ: ಸಕಲೇಶಪುರದ ಕಡೆಯ ರೋಬಸ್ಟಾ ಕಾಫಿ ತೋಟ. ಗೆಣ್ಣಿನ ಮೊಗ್ಗು, ತೀರ ಹತ್ತಿರದಿಂದ)

ನಮಸ್ಕಾರ. ಈ ಕಾಫಿ ಮೊಗ್ಗು ನೀರಿಗೆ ಕಾಯ್ತಾ ಇದೆ. ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ 1ರಿಂದ 1.5 ಇಂಚು ಹೂಮಳೆ, ಅಂದರೆ ಹೂ ಅರಳಿಸೋ ಮಳೆ, ಬಿದ್ದರೆ 8–10 ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತೆ. ಬರೀ 30 ಸೆಂಟ್ಸ್, ಅಂದರೆ 0.3 ಇಂಚು, ಬಿದ್ದು ನಿಂತರೆ? ಮೊಗ್ಗು ಅರ್ಧ ಉಬ್ಬಿ, ಅರಳಲಾರದೆ ಕೆಂಪಗಾಗಿ ಒಣಗುತ್ತೆ. ಮಳೆಯೇ ಬರದಿದ್ದರೆ ಇನ್ನೂ ಸ್ವಲ್ಪ ದಿನ ತಡೆದುಕೊಳ್ಳುತ್ತೆ. ಅರೆಬರೆ ಮಳೆ ಅದಕ್ಕಿಂತ ಕೆಟ್ಟದ್ದು. ಅಂಥ ಮಳೆ ಬಿದ್ದ ಕೂಡಲೇ ಸ್ಪ್ರಿಂಕ್ಲರ್ ಹಾಕಿ ಕೊರತೆ ತುಂಬಬೇಕು.

(ದೃಶ್ಯ: ತಳ ಕಾಣುತ್ತಿರುವ ತೋಟದ ಕೆರೆ, ಪಂಪ್‌ಸೆಟ್)

ಎಷ್ಟು ನೀರು? ಒಂದು ಎಕರೆಗೆ ಒಂದು ಇಂಚು ಅಂದರೆ ಸುಮಾರು 1,02,800 ಲೀಟರ್. 10 ಎಕರೆಗೆ 10 ಲಕ್ಷ ದಾಟುತ್ತೆ. 15–20 ದಿನ ಬಿಟ್ಟು ಬ್ಯಾಕಿಂಗ್‌ಗೆ, ಅಂದರೆ ಅರಳಿದ ಹೂ ಕಾಯಿ ಕಟ್ಟೋಕೆ ಕೊಡೋ ಎರಡನೇ ನೀರಿಗೆ, ಮತ್ತೆ ಬೇಕು. ಕೆರೆ ತುಂಬೋದು ಮುಂಗಾರಿನಲ್ಲಿ. 2023ರಲ್ಲಿ ಅದೇ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು.

ನೀರು ಸಾಲದಿದ್ದರೆ ಎಲ್ಲ ಎಕರೆಗೂ ಅರ್ಧರ್ಧ ಇಂಚು ಹಂಚಬೇಡಿ, ಎಲ್ಲ ಕಡೆಯೂ ಕೆಡುತ್ತೆ. ಒಳ್ಳೆ ಗಿಡಗಳಿರೋ ಬ್ಲಾಕ್ ಆರಿಸಿ ಪೂರ್ತಿ ಕೊಡಿ. ಎರಡು ಸ್ಪ್ರಿಂಕ್ಲರ್ ಜೆಟ್ ನಡುವೆ ನೇರ ಅಂಚಿನ ಖಾಲಿ ಡಬ್ಬ ಇಟ್ಟು, ನಿಂತ ನೀರನ್ನ ಸ್ಕೇಲಿನಲ್ಲಿ ಅಳೆಯಿರಿ. ಹೂ ಅರಳಿದ ದಿನ ಮಾತ್ರ ಜೆಟ್ ಹಾಕಲೇಬೇಡಿ, ಪರಾಗ ತೊಳೆದುಹೋಗುತ್ತೆ.

(ದೃಶ್ಯ: ಕುಯ್ಲು, ತಕ್ಕಡಿ)

ಮಾರ್ಚ್‌ನಲ್ಲಿ ಒಣಗಿದ ಹೂವಿನ ನಷ್ಟ ಕಣ್ಣಿಗೆ ಬೀಳೋದು ಡಿಸೆಂಬರ್‌ಗೆ. ಕೆಜಿ ಲೆಕ್ಕದಲ್ಲಿ ಕುಯ್ಯುವವರಿಗೆ ಗಿಡದಲ್ಲಿ ಹಣ್ಣೇ ಇಲ್ಲದಿದ್ದರೆ ದಿನವೆಲ್ಲ ಬಗ್ಗಿದರೂ ಕೂಲಿ ಗಿಟ್ಟಲ್ಲ. ಮಾಲೀಕರ ನಷ್ಟ ಸುದ್ದಿಯಾಗುತ್ತೆ, ಇವರದ್ದು ಆಗಲ್ಲ.

(ದೃಶ್ಯ: ಚಿಕ್ಕಮಗಳೂರು, ಹೋಂಸ್ಟೇ ಅಂಗಳ)

ಏಪ್ರಿಲ್‌ನಲ್ಲಿ ರಜೆಗೆ ಜನ ಬರ್ತಾರೆ. ಒಬ್ಬರಿಗೆ ದಿನಕ್ಕೆ 150 ಲೀಟರ್ ಅಂದರೂ 20 ಜನಕ್ಕೆ 3,000. ಒಂದು ಎಕರೆಗೆ ಕೊಡೋ ಒಂದು ಇಂಚು ನೀರು ಇವರಿಗೆ 34 ದಿನ ಸಾಕು! ಹಾಗಾಗಿ ತೋಟಕ್ಕೆ ನೀರಿಲ್ಲ ಅಂತ ಹೋಂಸ್ಟೇ ಮುಚ್ಚಬೇಕಿಲ್ಲ. ಕುಡಿಯೋಕೆ, ಬಳಕೆಗೆ ಬೇರೆ ಸಂಪ್ ಇರಲಿ. ಆದರೆ ಝರಿ ಸೊರಗಿದರೆ ಜೀಪಿನವರಿಗೆ ಬಾಡಿಗೆ ಇಲ್ಲ. ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸಿದರೆ ಗೈಡ್‌ಗಳಿಗೆ ಕೆಲಸ ಇಲ್ಲ.

(ದೃಶ್ಯ: ಅರಸೀಕೆರೆ, ತೆಂಗಿನ ತೋಟ)

ತೆಂಗಿನಲ್ಲಿ ಪೆಟ್ಟು ಇನ್ನೂ ತಡ. ಹೊಂಬಾಳೆ ಒಡೆದು ಕಾಯಿ ಬಲಿಯೋಕೆ 12 ತಿಂಗಳು. ಈ ಬೇಸಿಗೆಯಲ್ಲಿ ಹರಳು, ಅಂದರೆ ಎಳೆ ಮಿಡಿ, ಉದುರಿದರೆ, ಮುಂದಿನ ವರ್ಷ ಮಳೆ ಹುಯ್ದರೂ ಕೊಬ್ಬರಿ ಅಟ್ಟ ತುಂಬಲ್ಲ.